ಟ್ರ್ಯಾಕ್ಟರ್‌ವಾಸಿ ಇಲಿರಾಯರಿಗೆ, ಐದನೆಯ ವೈರಿನ ವಿಷಯವಾಗಿ

ಗೆ,
ಶ್ರೀಮಾನ್ ಇಲಿರಾಯರು ಮತ್ತು ಪರಿವಾರದವರು,
ಮೊದಲಿನ ವಸ್ತಿ: ಟ್ರ್ಯಾಕ್ಟರಿನ ಬಾನೆಟ್ಟಿನ ಕೆಳಗೆ, ಬ್ಯಾಟರಿಯ ಎಡಬದಿ,
ಹಾಲಿ ವಸ್ತಿ: ಗೊಂಜಾಳದ (ಮೆಕ್ಕೆಜೋಳದ) ಚೀಲಗಳ ಹಿಂದೆ,
ಖೋತರ ಶೆಡ್, ಕರೋಶಿ, ತಾ. ಚಿಕ್ಕೋಡಿ.

ವಿಷಯ: ವೈರು, ರಬ್ಬರು, ಸೀಟಿನ ಸ್ಪಂಜು ಇತ್ಯಾದಿಗಳ ಭಕ್ಷಣೆ ಹಾಗೂ ತಮ್ಮ ಮೇಲೆ ಹೊರಿಸಲಾದ ಒಂದು ಆರೋಪದ ತಿದ್ದುಪಡಿ ಕುರಿತು.

ಮಾನ್ಯರೇ,

ತಮಗೂ, ತಮ್ಮ ಧರ್ಮಪತ್ನಿಯವರಿಗೂ, ಶ್ರಾವಣದಲ್ಲಿ ನನ್ನ ಟ್ರ್ಯಾಕ್ಟರಿನ ಏರ್ ಫಿಲ್ಟರಿನ ಡಬ್ಬಿಯಲ್ಲಿ ಸುಖಪ್ರಸವವಾಗಿ ಹುಟ್ಟಿದ ಏಳು ಮಂದಿ ಚಿರಂಜೀವಿಗಳಿಗೂ ಕರೋಶಿಯ ಮುರಗೆಪ್ಪ ಖೋತನ ಅನಂತ ನಮಸ್ಕಾರಗಳು. ಈ ಕಡೆ ನಾವೆಲ್ಲ ಕ್ಷೇಮ. ಆ ಕಡೆ ತಾವೂ ಕ್ಷೇಮವೇ ಎಂದು ಕೇಳುವ ಅಗತ್ಯ ನನಗಿಲ್ಲ, ಏಕೆಂದರೆ ತಮ್ಮ ಹೊಟ್ಟೆಯ ಸುತ್ತಳತೆಯನ್ನು ಮೊನ್ನೆಯಷ್ಟೇ ಕಣ್ಣಾರೆ ಕಂಡಿದ್ದೇನೆ. ಗೊಂಜಾಳದ ಚೀಲದ ಮೇಲೆ ಕುಳಿತು ಮೀಸೆ ತಿಕ್ಕಿಕೊಳ್ಳುತ್ತಿದ್ದ ತಾವು, ಶೆಡ್ಡಿನ ಮಾಲೀಕ ಬಂದನೆಂದು ಎದ್ದು ಸರಿಯುವ ಸೌಜನ್ಯವನ್ನೂ ತೋರದೆ, ಹೇಳದೆ ಕೇಳದೆ ಒಳಗೆ ಬಂದ ಇವನ್ಯಾರು ಎಂಬಂತೆ ನನ್ನನ್ನೇ ನೋಡಿದಿರಿ. ಇರಲಿ ಬಿಡಿ, ದೊಡ್ಡವರ ರೀತಿಯೇ ಹಾಗೆ.

ನನ್ನ ಪರಿಚಯ ತಮಗೆ ಸರಿಯಾಗಿ ಇಲ್ಲದಿರಬಹುದು. ನಾನು ನಮ್ಮೂರ ಸೊಸೈಟಿಯಲ್ಲಿ ಇಪ್ಪತ್ತೆಂಟು ವರ್ಷ ಕಾರಕೂನನಾಗಿ ಆವಕ-ಜಾವಕ ಪುಸ್ತಕ ಬರೆದು ನಿವೃತ್ತನಾದವನು. ತಕರಾರು ಅರ್ಜಿ ಬರೆಯುವುದರಲ್ಲಿ ಈ ಮುರಗೆಪ್ಪನನ್ನು ಮೀರಿಸುವವರು ಇಡೀ ತಾಲೂಕಿನಲ್ಲಿ ಇಲ್ಲ ಎಂದು ಜನ ಹೇಳುತ್ತಾರೆ. ಜನ ಹೇಳುವುದನ್ನು ಮರೆತಾಗ ನಾನೇ ಹೇಳುತ್ತೇನೆ. ಬಾಗಿದ ಲೈಟಿನ ಕಂಬದ ಬಗ್ಗೆ ಬರೆದಿದ್ದೇನೆ, ಕೈ ಮಾಡಿದರೂ ನಿಲ್ಲದ ಬಸ್ಸಿನ ಬಗ್ಗೆ ಬರೆದಿದ್ದೇನೆ, ನಮ್ಮ ಓಣಿಯ ಬೋರಿನ ಮೇಲೆ ಕಾಲು ಮಡಚಿ ಮಲಗುವ ಊರ ಕೋಣದ ಬಗ್ಗೆ ಮೂರು ಸಲ ಬರೆದಿದ್ದೇನೆ. ಒಂದಕ್ಕೂ ಉತ್ತರ ಬಂದಿಲ್ಲ. ತಾವೂ ಉತ್ತರ ಬರೆಯುವ ಪೈಕಿಯವರಲ್ಲ ಎಂಬುದು ಗೊತ್ತಿದೆ. ಆದರೆ ಕಚೇರಿಯವರು ಅರ್ಜಿಯನ್ನು ಬುಟ್ಟಿಗೆ ಹಾಕುತ್ತಾರೆ, ತಾವು ಹೊಟ್ಟೆಗಾದರೂ ಹಾಕಿಕೊಳ್ಳುತ್ತೀರಿ ಎಂಬ ಭರವಸೆಯಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ಆ ಟ್ರ್ಯಾಕ್ಟರ್ ಎಂದರೆ ನನಗೆ ಏನು ಎಂಬುದನ್ನು ಮೊದಲು ತಮ್ಮ ಗಮನಕ್ಕೆ ತರಬೇಕು. ನಿವೃತ್ತಿಯಾದ ವರ್ಷ ತಂದದ್ದು, ಈಗ ಆರು ವರ್ಷ. ಅದರ ಕೀಲಿಯನ್ನು ನಾನು ಮೊಳದುದ್ದದ ದಾರದಿಂದ ಉಡದಾರಕ್ಕೆ ಕಟ್ಟಿಕೊಂಡವನು ಸ್ನಾನಕ್ಕೂ ಬಿಚ್ಚಿಲ್ಲ, ಜ್ವರ ಬಂದು ಚಿಕ್ಕೋಡಿಯ ದವಾಖಾನೆಯಲ್ಲಿ ಮಲಗಿದಾಗಲೂ ಬಿಚ್ಚಿಲ್ಲ. ಮಗ ದುಂಡೇಶ ಹಾಲಿನ ಡೇರಿ ನೋಡಿಕೊಳ್ಳುತ್ತಾನೆ, ಅವನಿಗೂ ಕೊಟ್ಟಿಲ್ಲ. ನಮ್ಮ ಹೊಲದಲ್ಲಿ ಅದಕ್ಕೆ ಹದಿನೈದು ದಿನಕ್ಕೊಮ್ಮೆ ಕೆಲಸ ಬಿದ್ದರೆ ಹೆಚ್ಚು. ಉಳಿದ ದಿನಗಳಲ್ಲಿ ಶೆಡ್ಡಿನಲ್ಲಿ ನಿಲ್ಲಿಸಿ, ಮುಂಜಾನೆ ಒಮ್ಮೆ ಒರೆಸಿ, ಸಂಜೆ ಒಮ್ಮೆ ಒರೆಸಿ, ನಡುವೆ ಬಂದ ಬೀಗರಿಗೆ ಬಾನೆಟ್ ತೆರೆದು ತೋರಿಸಿ ಮುಚ್ಚುವುದು ನನ್ನ ದಿನಚರಿಯಾಗಿತ್ತು. ಇಂಥ ಟ್ರ್ಯಾಕ್ಟರಿನೊಳಗೆ ತಾವು ಕೀಲಿಯೂ ಇಲ್ಲದೆ, ಒಂದು ಮಾತೂ ಇಲ್ಲದೆ, ಗೃಹಪ್ರವೇಶ ಮಾಡಿದಿರಿ.

ಮೊದಲು ಹಾರ್ನಿನ ವೈರು. ಅದು ಹೋದ ವರ್ಷ ಆಷಾಢದ ಮಾತು. ಕರೋಶಿಯ ರಸ್ತೆಯಲ್ಲಿ ಎಮ್ಮೆಗಳ ಹಿಂದೆ ನಿಂತು ಗುಂಡಿ ಒತ್ತಿದರೆ ಹಾರ್ನು ಬಾಯಿಯೇ ಬಿಡಲಿಲ್ಲ. ನಾನು ಸ್ವತಃ ಬಾಯಿಂದ ಹೊಯ್ ಹೊಯ್ ಎಂದು ಕೂಗುತ್ತ ಮನೆ ಮುಟ್ಟಿದೆ. ಆಮೇಲೆ ಮುಂದಿನ ದೀಪದ ವೈರು, ಎಡಗಡೆ ಇಂಡಿಕೇಟರಿನ ವೈರು, ಮೀಟರಿನ ವೈರು. ನಾಲ್ಕನ್ನೂ ತಾವು ಕಡಿದ ಅಂದಕ್ಕೆ ಮೆಚ್ಚಲೇಬೇಕು, ಮೇಲಿನ ಪ್ಲಾಸ್ಟಿಕ್ಕನ್ನು ಕಬ್ಬು ಸುಲಿದ ಹಾಗೆ ಸುಲಿದು, ತಾಮ್ರದ ಎಳೆಗಳನ್ನು ಮೀಸೆಯ ಹಾಗೆ ಹೊರಗೆ ಬಿಟ್ಟಿದ್ದಿರಿ. ಸೀಟಿನ ಸ್ಪಂಜು ತಿಂದದ್ದನ್ನು ನಾನು ಕ್ಷಮಿಸಬಲ್ಲೆ, ಚಿಕ್ಕ ಮಕ್ಕಳಿಗೆ ಹಾಸಿಗೆ ಬೇಕು. ಆದರೆ ಪಾನಾ, ಪಕ್ಕಡ ಇಡುವ ಹತ್ಯಾರದ ಪೆಟ್ಟಿಗೆಯಲ್ಲಿ ನಾನು ಜೋಪಾನವಾಗಿ ಇಟ್ಟಿದ್ದ ನನ್ನ ಬೀಳ್ಕೊಡುಗೆಯ ಮಾನಪತ್ರವನ್ನು ಚೂರು ಚೂರು ಮಾಡಿ ಏರ್ ಫಿಲ್ಟರಿಗೆ ತುಂಬಿದಿರಲ್ಲ, ಅದು ಮನಸ್ಸಿಗೆ ನಾಟಿದ ಮಾತು. ತಮ್ಮ ಏಳೂ ಮಕ್ಕಳು ‘ಸರಳ, ಸಜ್ಜನ, ಮಿತಭಾಷಿ’ ಎಂಬ ಅಕ್ಷರಗಳ ಮೇಲೆ ಕಣ್ಣು ತೆರೆದಿವೆ. ಅವು ಮುಂದೆ ಹಾಗೆಯೇ ಬಾಳಲಿ ಎಂದು ಹಾರೈಸುತ್ತೇನೆ, ನನ್ನಿಂದಂತೂ ಆಗಲಿಲ್ಲ.

ಇಷ್ಟಾದರೂ ತಪ್ಪು ಪೂರ್ತಿ ತಮ್ಮದೆಂದು ನಾನು ಹೇಳಲಾರೆ, ಏಕೆಂದರೆ ತಮ್ಮನ್ನು ಅಲ್ಲಿಗೆ ಕರೆದವನು ನಾನೇ. ತಮಗೆ ನೆನಪಿರಬಹುದು, ಗಣಪತಿ ಕೂತ ಮರುದಿನ ನಮ್ಮ ಕಡೆ ಇಲಿವಾರ. ಅಂದು ಯಾರೂ ಅರಿವೆ ಕತ್ತರಿಸುವುದಿಲ್ಲ, ಸೂಜಿ ಮುಟ್ಟುವುದಿಲ್ಲ, ಕಡುಬು ಮಾಡಿ ತಮಗೆ ಎಡೆ ಇಡುತ್ತೇವೆ. ನನ್ನ ಹೆಂಡತಿ ಸೋನಾಬಾಯಿ ಮೂವತ್ತೈದು ವರ್ಷಗಳಿಂದ ಅರಿವೆಯ ಟ್ರಂಕಿನ ಹಿಂದೆ ಐದು ಕಡುಬು ಇಟ್ಟು, “ಇಲಿಯಪ್ಪಾ, ನಿನ್ನ ಪಾಲು ನಿನಗ ಇಟ್ಟೇನಿ, ನಮ್ಮ ಅರಿವಿ-ಅಂಚಡಿ ಮುಟ್ಟಬ್ಯಾಡಪಾ” ಎಂದು ಕೈಮುಗಿಯುತ್ತ ಬಂದಿದ್ದಾಳೆ. ತಾವೂ ಮಾತಿಗೆ ತಪ್ಪಿದವರಲ್ಲ. ನಮ್ಮ ಮನೆಯಲ್ಲಿ ಒಂದು ಟೋಪಿ, ಒಂದು ಕರವಸ್ತ್ರ, ಸೋನಾಬಾಯಿಯ ಒಂದು ಇಳಕಲ್ಲ ಸೀರೆಯ ಸೆರಗು ಇಂದಿನವರೆಗೆ ಕಡಿಸಿಕೊಂಡಿಲ್ಲ. ಒಪ್ಪಂದದಲ್ಲಿ ಟ್ರ್ಯಾಕ್ಟರಿನ ಹೆಸರು ಇರಲಿಲ್ಲ, ಅಷ್ಟೇ. ಇಪ್ಪತ್ತೆಂಟು ವರ್ಷ ಕಾಗದಪತ್ರ ನೋಡಿದ ಕಾರಕೂನನಿಗೆ ಈ ಲೋಪ ಹೊಳೆಯದೆ ಇದ್ದೀತೇ? ಹಾರ್ನಿನ ವೈರು ಹೋದ ವರ್ಷವೇ, ನಾನು ಸೋನಾಬಾಯಿಯ ಕೈಯಿಂದ ತಾಟು ಕಸಿದುಕೊಂಡು, ಬಾನೆಟ್ ಎತ್ತಿ, ಬ್ಯಾಟರಿಯ ಪಕ್ಕದಲ್ಲಿಯೇ ಕಡುಬು ಇಟ್ಟು, “ವೈರು-ಪೈರು ಎಲ್ಲಾ ಸೇರಿಸಿಕೊಂಡು ಅನ್ನು” ಎಂದು ಅವಳಿಗೆ ಹೇಳಿಕೊಟ್ಟೆ. ಅವಳು, “ತ್ರಾಸ ಇದ್ದಲ್ಲಿ ಊಟಾ ಇಟ್ರ ತ್ರಾಸ ಎದ್ದು ಹೋಗ್ತೈತೇನ್ರಿ?” ಎಂದು ಕೇಳಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಲ್ಲಿಯವರೆಗೆ ಬಂದು ಹೋಗಿ ಮಾಡುತ್ತಿದ್ದ ತಾವು, ಊಟದ ಜೊತೆ ವಸ್ತಿಯ ಸೌಕರ್ಯವನ್ನೂ ಕೊಟ್ಟಿದ್ದಾರೆಂದು ತಿಳಿದು, ಆ ವಾರವೇ ಸಂಸಾರ ಸಮೇತ ಬಂದು ಇಳಿದಿರಿ. ತಮ್ಮ ಜಾಗದಲ್ಲಿ ಯಾರೇ ಇದ್ದರೂ ಹಾಗೆಯೇ ತಿಳಿಯುತ್ತಿದ್ದರು.

ಆಮೇಲೆ ತಮ್ಮನ್ನು ಕಳಿಸಿಕೊಡಲು ನಾನು ಪಟ್ಟ ಪಾಡನ್ನು ತಾವು ಹತ್ತಿರದಿಂದಲೇ ನೋಡಿದ್ದೀರಿ. ಡಾಂಬರ ಗುಳಿಗೆ ಇಟ್ಟೆ, ತಮ್ಮ ಮಕ್ಕಳು ಅವನ್ನು ಚೆಂಡು ಮಾಡಿಕೊಂಡು ಆಡಿದವು. ನಿಪ್ಪಾಣಿಯಿಂದ ಘಾಟು ತಂಬಾಕಿನ ಎಲೆ ತಂದು ಬಾನೆಟ್ಟಿನ ಕೆಳಗೆ ತುರುಕಿದೆ, ಮೂರು ದಿನ ನಾನು ಸೀನಿದೆ, ತಾವು ಅದನ್ನು ಹಾಸಿಕೊಂಡು ಮಲಗಿದಿರಿ. ಅಂಟಿನ ಹಾಳೆ ಹರಡಿದೆ, ಅದಕ್ಕೆ ಸಿಕ್ಕಿದ್ದು ನನ್ನ ಎಡಗಾಲಿನ ಚಪ್ಪಲಿ, ಇಂದಿಗೂ ಬಿಟ್ಟಿಲ್ಲ. ಬೋನಿಗೆ ಸೋನಾಬಾಯಿ ಕರಿದ ಭಜಿ ಸಿಕ್ಕಿಸಿದೆ, ಭಜಿ ಹೋಗಿತ್ತು, ಬೋನು ಮುಚ್ಚಿತ್ತು, ಒಳಗೆ ಯಾರೂ ಇರಲಿಲ್ಲ. ಇದನ್ನು ಹೇಗೆ ಮಾಡಿದಿರಿ ಎಂದು ತಾವು ಯಾವಾಗಲಾದರೂ ಬಿಡುವಾಗಿ ತಿಳಿಸಿಕೊಟ್ಟರೆ ಉಪಕಾರವಾದೀತು. ಕೊನೆಗೆ ಬೀಗರ ಮನೆಯಿಂದ ಒಂದು ಬೆಕ್ಕು ತರಿಸಿದೆ. ಅದು ಶೆಡ್ಡಿಗೆ ಹೋಗಿ, ತಮ್ಮೊಂದಿಗೆ ಏನು ಮಾತಾಡಿತೋ, ಬಂದು ಅಡುಗೆಮನೆಯಲ್ಲಿ ಹಾಲಿನ ಪಾತೇಲಿಯ ಮುಂದೆ ಕೂತದ್ದು ಎದ್ದಿಲ್ಲ.

ಚಿಕ್ಕೋಡಿಯ ಮಿಸ್ತ್ರಿ ಶೀತಲ್, ನಾಲ್ಕನೆಯ ಸಲ ವೈರು ಜೋಡಿಸಲು ಬಂದವನು, ನನ್ನ ಮುಖವನ್ನೂ ನನ್ನ ಉಡದಾರವನ್ನೂ ನೋಡಿ ಒಂದು ಮಾತು ಹೇಳಿದ: “ಕಾಕಾ, ಗಾಡಿ ದಿನಾ ಓಡಿದ್ರ ಇಲಿ ಮನಿ ಮಾಡಂಗಿಲ್ರಿ. ನೀವು ನಿಂದರಿಸಿ ಬರೇ ಒರಸಾಕತ್ತೀರಿ, ಅದಕ್ಕ ಮಾಡ್ಯಾವ. ಯಾರಿಗರೆ ಓಡ್ಸಾಕ ಕೊಡ್ರಿ.” ಅವನಿಗೆ ಚಹಾ ಕೊಡದೆ ಕಳಿಸಿದೆ.

ಯಾರಿಗಾದರೂ ಎಂದರೆ ಯಾರು ಎಂಬುದು ಶೀತಲ್‌ನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನನ್ನ ಸೊಸೆ ಉಜ್ವಲಾ. ಬೋರಗಾಂವದ ಹುಡುಗಿ. ಅವಳ ತವರಿನ ಓಣಿಯಲ್ಲಿ ಎರಡೂ ಕಡೆ ಮಗ್ಗದ ಶೆಡ್ಡುಗಳು, ಟ್ರ್ಯಾಕ್ಟರ್ ತಿರುಗಿಸಲು ಜಾಗವಿಲ್ಲ. ನೂಲಿನ ಗಂಟು ತುಂಬಿದ ಟ್ರೇಲರನ್ನು ಓಣಿಯ ಬಾಯಿಂದ ಹಿಂದಕ್ಕೇ ಒಯ್ಯಬೇಕು. ಹದಿನೈದನೆಯ ವಯಸ್ಸಿಗೆ ಅವಳು ಅದನ್ನು ಒಂದೇ ಕೈಯಲ್ಲಿ ಒಯ್ಯುತ್ತಿದ್ದಳೆಂದು ಅವಳ ಅಪ್ಪ ಲಗ್ನದ ಮಾತುಕತೆಯಲ್ಲಿಯೇ ಹೇಳಿದ್ದರು. ನಾನು ಅದನ್ನು ಬೀಗರು ಆಡುವ ಮಾತೆಂದು ತಿಳಿದು ನಕ್ಕು ಸುಮ್ಮನಾಗಿದ್ದೆ. ಅವಳು ನಮ್ಮ ಮನೆಗೆ ಬಂದು ಎರಡು ವರ್ಷವಾಯಿತು. ಎರಡು ವರ್ಷವೂ ಶೆಡ್ಡಿನ ಮುಂದೆ ಹಾದು ಹೋಗುವಾಗ ಅವಳ ಕಣ್ಣು ಒಮ್ಮೆ ಒಳಗೆ ಹೊರಳುತ್ತಿತ್ತು. ನನ್ನ ಕೈ ಉಡದಾರಕ್ಕೆ ಹೋಗುತ್ತಿತ್ತು.

ಬೋರಗಾಂವದ ತರುಣ ಮಂಡಳದವರು ಗಣಪತಿಯ ಒಂಬತ್ತನೆಯ ದಿನ ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆ ಇಡುತ್ತಾರೆ. ಸುಣ್ಣದಿಂದ ಎರಡು ಗೆರೆ ಹೊಡೆದಿರುತ್ತಾರೆ, ನಾಲ್ಕು ಗಾಲಿಯ ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರನ್ನು ಆ ಗೆರೆಗಳ ನಡುವೆ ಹಿಂದುಹಿಂದಕ್ಕೇ ಓಡಿಸಿ ಮುಟ್ಟಿಸಬೇಕು. ಗಾಲಿ ಗೆರೆ ತುಳಿದರೆ ಹೊರಗೆ, ಬೇಗ ಮುಟ್ಟಿದವನು ಗೆದ್ದ. ಮುಂದಕ್ಕೆ ಓಡಿಸುವುದು ಯಾರಿಗೂ ಬರುತ್ತದೆ. ಹಿಂದಕ್ಕೆ ಹೋಗುವಾಗ ಟ್ರೇಲರ್ ಸೊಟ್ಟ ಮೋರೆ ಮಾಡಿಕೊಂಡು ಎತ್ತಲಾಗಾದರೂ ಹೋಗುತ್ತದೆ. ಒಂದು ಟ್ರ್ಯಾಕ್ಟರಿಗೆ ಒಂದೇ ಹೆಸರು. ನಾಲ್ಕು ವರ್ಷ ನಮ್ಮ ಟ್ರ್ಯಾಕ್ಟರಿನ ಮೇಲೆ ಸ್ಪರ್ಧಿಸಿದವನು ನಾನು, ಮತ್ತು ಹೋದ ವರ್ಷ ಸುಣ್ಣದ ಗೆರೆಯನ್ನು ಮಾತ್ರವಲ್ಲ, ತೀರ್ಪು ಕೊಡಲು ಪಂಚರು ಕೂತಿದ್ದ ಮಂಟಪದ ಗೂಟವನ್ನೂ ಎಬ್ಬಿಸಿ, ಇಡೀ ಶಾಮಿಯಾನವನ್ನು ಅವರ ತಲೆಯ ಮೇಲೆ ಇಳಿಸಿದವನು. ಅವರು ಅದರೊಳಗಿಂದ ಒಬ್ಬೊಬ್ಬರಾಗಿ ಹೊರಗೆ ಬರುವುದನ್ನು ಜನ ಮೊಬೈಲಿನಲ್ಲಿ ಹಿಡಿದರು.

ಈ ವರ್ಷ ನಾನು ಹೆಸರು ಕೊಡಲು ಫೋನು ಮಾಡಿದರೆ, ಆ ಕಡೆಯವರು, ‘ಖೋತರ ಟ್ರ್ಯಾಕ್ಟರಿನ ಹೆಸರು ಬಂದಿದೆಯಲ್ಲ’ ಎಂದರು. ಉಜ್ವಲಾ ದುಂಡೇಶ ಖೋತ, ಕರೋಶಿ. ಊಟಕ್ಕೆ ಕೂತಾಗ ಅವಳೇ ರೊಟ್ಟಿ ಬಡಿಸುತ್ತ, “ಮಾವಾರ, ನಾ ಹೆಸರು ಕೊಟ್ಟೇನ್ರಿ. ನಿಮಗ ಕೇಳಿ ಕೊಡಬೇಕಿತ್ತು. ಕೇಳಿದ್ರ ಕೊಡ್ತಿದ್ದಿಲ್ಲ, ಅದಕ್ಕ ಕೊಟ್ಟು ಹೇಳಾಕತ್ತೇನಿ” ಎಂದಳು. ದುಂಡೇಶ ತಾಟಿನಿಂದ ತಲೆ ಎತ್ತಲಿಲ್ಲ, ಆದರೆ ಅವನ ಕಿವಿ ನಗುತ್ತಿತ್ತು. ಸೋನಾಬಾಯಿ ತನ್ನ ತವರಿನ ಮರಾಠಿಯಲ್ಲಿ, “ಜಾಊ ದ್ಯಾ ಹೋ”, ಅಂದರೆ ಹೋಗಲಿ ಬಿಡಿ, ಎಂದು ಶುರು ಮಾಡಿ, “ಮೈಕಿನಾಗ ನಮ್ಮ ಸೊಸೀ ಹೆಸರು ಒಂದ್ಸಲ ಕೂಗ್ಲಿ ಬಿಡ್ರಿ, ನಿಮ್ಮದು ನಾಕ್ ಸಲ ಕೂಗಿ ಆಗೈತಿ” ಎಂದು ಮುಗಿಸಿದಳು. ಮೂರು ಮಂದಿಯ ಮುಂದೆ ನಾನು ಒಬ್ಬ. ‘ನೋಡೋಣ’ ಎಂದೆ. ನಮ್ಮ ಮನೆಯಲ್ಲಿ ‘ನೋಡೋಣ’ ಎಂದರೆ ಹೂಂ ಎಂದಂತೆ ಎಂದು ಅವರು ತಿಳಿದುಕೊಂಡರು, ನಾನೂ ತಿದ್ದಲಿಲ್ಲ.

ಈಗ ಐದನೆಯ ವೈರಿಗೆ ಬರುತ್ತೇನೆ. ಅರ್ಜಿಯ ಉದ್ದ ನೋಡಿದರೆ ನಾನು ಅದನ್ನು ತಪ್ಪಿಸಿಕೊಳ್ಳುತ್ತ ಬಂದಿದ್ದೇನೆಂದು ತಮಗೆ ಅನ್ನಿಸಿರಬಹುದು. ತಮ್ಮ ಅನಿಸಿಕೆ ಸರಿಯಾಗಿದೆ.

ಸ್ಪರ್ಧೆಯ ದಿನ ಮುಂಜಾನೆ ಟ್ರ್ಯಾಕ್ಟರ್ ಚಾಲೂ ಆಗಲಿಲ್ಲ. ಕೀಲಿ ನಾನೇ ತಿರುಗಿಸಿದೆ, ಟಕ್ ಎಂದೂ ಅನ್ನಲಿಲ್ಲ. ನಾನು ಬಾನೆಟ್ ಎತ್ತಿ, ಅಂಗಳದಲ್ಲಿ ಕೂಡಿದ್ದ ಅರ್ಧ ಓಣಿಗೆ ಕೇಳುವ ಹಾಗೆ, ‘ಸ್ಟಾರ್ಟರಿನ ವೈರು ಹೋಗೈತ್ರಪಾ, ಇಲಿ ಕಡದಾವ, ಈ ವರ್ಷ ನಸೀಬ ಇಲ್ಲ’ ಎಂದು ಸಾರಿದೆ. ತಮ್ಮ ಕುಲವನ್ನು ಏಳು ತಲೆಮಾರು ಬೈದೆ. ಜನವೂ ಬೈದರು. ಚಿಕ್ಕೋಡಿಯಿಂದ ಶೀತಲ್ ಬರುವಷ್ಟರಲ್ಲಿ ಸ್ಪರ್ಧೆ ಮುಗಿದೇ ಹೋಗುತ್ತಿತ್ತು. ಉಜ್ವಲಾ ಆ ದಿನ ಹಸಿರು ಸೀರೆಯ ಕಚ್ಚೆ ಹಾಕಿ, ಕೂದಲನ್ನು ಗಟ್ಟಿಯಾಗಿ ಕಟ್ಟಿ ತಯಾರಾಗಿ ನಿಂತಿದ್ದಳು. ಬಂದು ಬಾನೆಟ್ಟಿನೊಳಗೆ ಬಗ್ಗಿ ನೋಡಿದಳು.

ಮಾನ್ಯರೇ, ತಾವು ಕಡಿದ ವೈರು ಹೇಗಿರುತ್ತದೆಂದು ಮೇಲೆ ವರ್ಣಿಸಿದ್ದೇನೆ. ಇದು ಹಾಗಿರಲಿಲ್ಲ. ಒಂದೇ ಏಟಿಗೆ, ನೇರವಾಗಿ, ನುಣ್ಣಗೆ ತುಂಡಾಗಿತ್ತು. ಅದರ ಪಕ್ಕದಲ್ಲಿ, ಬ್ಯಾಟರಿಯ ಮೇಲೆ, ವೈರು ಕತ್ತರಿಸುವ ಕೆಂಪು ಹಿಡಿಕೆಯ ಪಕ್ಕಡವೊಂದು ಮರೆತು ಬಿದ್ದಿತ್ತು. ಮುನ್ನಾದಿನ ಮಧ್ಯಾಹ್ನ ಎಲ್ಲರೂ ಉಂಡು ಅಡ್ಡಾದಾಗ ಅದನ್ನು ಹಿಡಿದು ಶೆಡ್ಡಿಗೆ ಬಂದವರು ಯಾರೆಂದು ತಮಗೆ ಗೊತ್ತಿದೆ. ತಾವು ಸೀಟಿನ ಕೆಳಗಿನಿಂದ ಮೂತಿ ಹೊರಗೆ ಹಾಕಿ ನೋಡಿದ್ದಿರಿ. ನಾನು ತಮ್ಮನ್ನು ನೋಡಿ ‘ಹಚ್’ ಎಂದಿದ್ದೆ. ಅರವತ್ನಾಲ್ಕು ವರ್ಷದ ಮನುಷ್ಯ, ಊರಲ್ಲಿ ನಾಲ್ಕು ಮಂದಿ ನಮಸ್ಕಾರ ಮಾಡುವವನು, ತನ್ನ ಟ್ರ್ಯಾಕ್ಟರಿನ ವೈರನ್ನು ತಾನೇ ಕತ್ತರಿಸಿ ಇಲಿಯ ಹೆಸರು ಹೇಳಿದ. ನಾಚಿಕೆಯಾಗುತ್ತದೆ ನನಗೆ. ಆಗಲೂ ಆಗಿತ್ತು, ಆದರೆ ಶಾಮಿಯಾನ ಕೆಡವಿದ ಜಾಗದಲ್ಲಿ ಸೊಸೆ ಗೆದ್ದು ಬಂದರೆ ಏನು ಗತಿ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು.

ಉಜ್ವಲಾ ಆ ತುದಿಯನ್ನು ನೋಡಿದಳು, ಪಕ್ಕಡವನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅಂಗಳದಲ್ಲಿ ಅರ್ಧ ಓಣಿ ನಿಂತಿತ್ತು. ಒಂದು ಮಾತು ಸಾಕಿತ್ತು, ನಾನು ಮಣ್ಣುಪಾಲಾಗುತ್ತಿದ್ದೆ. ಅವಳು ಪಕ್ಕಡವನ್ನು ಸೆರಗಿನಿಂದ ಒರೆಸಿ, ಯಾರಿಗೂ ಕಾಣದ ಹಾಗೆ ನನ್ನ ಕೈಯಲ್ಲಿ ಇಟ್ಟು, ಮೆಲ್ಲಗೆ, “ನಮ್ಮ ಶೆಡ್ಡಿನ ಇಲಿಗೋಳು ಭಾಳ ಶಾಣ್ಯಾ ಅದಾವ್ರಿ ಮಾವಾರ. ಪಕ್ಕಡ ಹಿಡಿಯಾಕ ಕಲ್ತಾವ” ಎಂದಳು. ಆಮೇಲೆ ಜನರ ಕಡೆ ತಿರುಗಿ, “ಹೌದ್ರಿ, ಇಲೀನ ಕಡದೈತಿ, ಹತ್ತ ನಿಮಿಷದ ಕೆಲಸ” ಎಂದು ದೊಡ್ಡ ದನಿಯಲ್ಲಿ ಹೇಳಿ, ಹಳೆಯ ವೈರಿನ ತುಂಡೊಂದನ್ನು ಸುಲಿದು, ಹೆಣೆದು, ಟೇಪು ಸುತ್ತಿದಳು. ಹತ್ತು ನಿಮಿಷವೂ ಹಿಡಿಯಲಿಲ್ಲ.

ಆಮೇಲೆ ನನ್ನ ಮುಂದೆ ಕೈ ಚಾಚಿದಳು. ನನ್ನ ಇನ್ನೊಂದು ಕೈ ಉಡದಾರಕ್ಕೆ ಹೋಯಿತು. ಅವಳು ಅಂದಳು, “ಕೀಲಿ ಇಲ್ಲದನೂ ಚಾಲೂ ಮಾಡಾಕ ಬರ್ತೈತ್ರಿ ನನಗ. ಖರೇ, ನೀವ ಕೈಯಾರೆ ಕೊಡಬೇಕ್ರಿ.” ಆರು ವರ್ಷದ ಗಂಟು, ನೀರು ಬಿದ್ದು ಬಿದ್ದು ಕಲ್ಲಾಗಿತ್ತು, ನನ್ನ ಬೆರಳಿಗೆ ಬಿಚ್ಚಲಾಗಲಿಲ್ಲ. ಕೊನೆಗೆ ಕೈಯಲ್ಲಿದ್ದ ಅದೇ ಪಕ್ಕಡದಿಂದ ದಾರ ಕತ್ತರಿಸಿ ಕೀಲಿ ಕೊಟ್ಟೆ.

ಬೋರಗಾಂವದಲ್ಲಿ ಅವಳು ಎರಡನೆಯವಳಾಗಿ ಬಂದಳು. ರಾಯಬಾಗದ ಕಡೆಯ ಭೀಮಸಿ ಎಂಬವನು, ಹದಿನಾರು ವರ್ಷದಿಂದ ಇದೇ ಮಾಡುವವನು, ಮೂರು ಸೆಕೆಂಡು ಮೊದಲು ಮುಟ್ಟಿದ. ಆದರೆ ಭೀಮಸಿ ಎರಡು ಸಲ ನಿಂತು, ಮುಂದೆ ಜಗ್ಗಿ, ಸರಿಮಾಡಿಕೊಂಡ. ಉಜ್ವಲಾ ಒಮ್ಮೆಯೂ ನಿಲ್ಲಲಿಲ್ಲ. ಕುತ್ತಿಗೆ ಹಿಂದೆ ತಿರುಗಿಸಿ, ಒಂದು ಕೈ ಸ್ಟೀರಿಂಗಿನ ಮೇಲೆ, ಟ್ರೇಲರು ಅವಳು ಹೇಳಿದಲ್ಲಿ ಹೋಯಿತು. ಸುಣ್ಣದ ಪುಡಿಯೂ ಅಲುಗಲಿಲ್ಲ. ನಾನು ಜನರ ನಡುವೆ ನಿಂತು ನೋಡುತ್ತಿದ್ದವನು, ನನಗೆ ಅರಿವಿಲ್ಲದೆಯೇ ‘ಹೊಡಿ ನನ್ನವ್ವಾ’ ಎಂದು ಕೂಗಿದ್ದೆನಂತೆ. ಸೋನಾಬಾಯಿ ಹೇಳಿದಳು, ನನಗೆ ನೆನಪಿಲ್ಲ.

ಮೈಕಿನವನು ಅವಳನ್ನು ಕರೆದು, ಕಲಿಸಿದವರು ಯಾರು ತಾಯಿ ಎಂದು ಕೇಳಿದ. ಅವಳು, “ಕಲಿಸಿದವರು ನಮ್ಮ ಅಪ್ಪಾರ್ರಿ. ಕೀಲಿ ಕೊಟ್ಟವರು ನಮ್ಮ ಮಾವಾರು” ಎಂದಳು. ಜನ ಚಪ್ಪಾಳೆ ಹೊಡೆದರು, ನನಗೆ! ಅದೇ ಉತ್ಸಾಹದಲ್ಲಿ ಆ ಮೈಕಿನವನು, ಇಲಿಗಳು ವೈರು ಕಡಿದು ಮಾಡಿದ ಘೋರ ಅನ್ಯಾಯವನ್ನೂ ಮೆಟ್ಟಿ ಬಂದ ಸೊಸೆ ಎಂದು ಕೂಗಿದ, ಇಡೀ ಮೈದಾನ ತಮಗೆ ಛೀ ಥೂ ಎಂದಿತು. ನಾನು ಹಾರ ಹಾಕಿಸಿಕೊಂಡು ನಿಂತಿದ್ದೆ.

ಆದ್ದರಿಂದ, ಮಾನ್ಯರೇ, ಈ ಮೂಲಕ ತಿಳಿಯಪಡಿಸುವುದೇನೆಂದರೆ, ತಮ್ಮ ಮೇಲಿನ ಐದು ಆರೋಪಗಳಲ್ಲಿ ನಾಲ್ಕನ್ನು ಹಾಗೆಯೇ ಉಳಿಸಿಕೊಂಡು, ಐದನೆಯದನ್ನು ಬೇಷರತ್ತಾಗಿ ಹಿಂದಕ್ಕೆ ಪಡೆದಿದ್ದೇನೆ. ಆ ವೈರನ್ನು ಕಡಿದವನು ಮುರಗೆಪ್ಪ. ತಾವಲ್ಲ. ತಮಗಾದ ಮಾನಹಾನಿಗೆ ಪರಿಹಾರವಾಗಿ ಮುಂದಿನ ಇಲಿವಾರಕ್ಕೆ ಐದರ ಬದಲು ಹತ್ತು ಕಡುಬು ಮಂಜೂರು ಮಾಡಲಾಗಿದೆ. ದಯವಿಟ್ಟು ಮೊದಲಿನ ಹಾಗೆ ಅರಿವೆಯ ಟ್ರಂಕಿನ ಹಿಂದೆಯೇ ಬಂದು ಸ್ವೀಕರಿಸಬೇಕು. ಇನ್ನು ಮುಂದೆ ತಾವು ಯಾವುದೇ ವೈರು ಕಡಿದಲ್ಲಿ ಅದರ ಮೇಲೆ ದಿನಾಂಕ ಸಹಿತ ರುಜು ಹಾಕುವ ಪದ್ಧತಿ ಇಟ್ಟುಕೊಳ್ಳಬೇಕೆಂದೂ, ಹಾಗಾದರೆ ಮನುಷ್ಯರು ತಮ್ಮ ಹೆಸರಿನಲ್ಲಿ ಮಾಡಿದ ಕೆಲಸ ಬೇರೆಯಾಗಿ ಗುರುತು ಸಿಗುವುದೆಂದೂ ಸೂಚಿಸುತ್ತೇನೆ. ಆ ಮಧ್ಯಾಹ್ನದ ಏಕಮೇವ ಸಾಕ್ಷಿಯಾದ ತಾವು ಸೋನಾಬಾಯಿಯ ಮುಂದೆ ಮಾತ್ರ ಬಾಯಿ ಬಿಡಬಾರದೆಂದೂ ಕೋರುತ್ತೇನೆ. ಅವಳು ಪಕ್ಕಡದಿಂದ ಏನೇನು ಮಾಡಬಹುದು ಎಂಬುದು ನನಗೆ ಮಾತ್ರ ಗೊತ್ತು.

ಶೀತಲ್ ಹೇಳಿದ ಮಾತು ಸುಳ್ಳಾಗಲಿಲ್ಲ. ಉಜ್ವಲಾ ಈಗ ದಿನವೂ ಮುಂಜಾನೆ ಟ್ರ್ಯಾಕ್ಟರ್ ತೆಗೆಯುತ್ತಾಳೆ. ಎಮ್ಮೆಗಳಿಗೆ ಮೇವು ತರುತ್ತಾಳೆ, ಊರವರ ಹೊಲಕ್ಕೆ ನೇಗಿಲು ಹೊಡೆಯಲು ಹೋಗುತ್ತಾಳೆ, ಬಾನೆಟ್ಟಿನ ಕೆಳಗಿನ ಕಾವಿಗೆ ತಾವು ಸಂಸಾರ ಸಮೇತ ಗಂಟು ಕಟ್ಟಿಕೊಂಡು ಗೊಂಜಾಳದ ಹಿಂದೆ ಹೋಗಿದ್ದೀರಿ. ಒಂದು ವರ್ಷ ತಂಬಾಕು, ಗುಳಿಗೆ, ಬೆಕ್ಕುಗಳಿಂದ ಆಗದ್ದು ಒಂದು ಕೀಲಿಯಿಂದ ಆಯಿತು. ಈಗ ಆ ಕೀಲಿ ಅವಳ ತಾಳಿಯ ಸರಕ್ಕೆ ಜೋತು ಬಿದ್ದಿದೆ, ರೊಟ್ಟಿ ಬಡಿಯುವಾಗ ಸಣ್ಣಗೆ ಸದ್ದು ಮಾಡುತ್ತದೆ. ಅವಳು ಆ ದಿನದ ಮಾತನ್ನು ಇಂದಿನವರೆಗೆ ಎತ್ತಿಲ್ಲ, ಗಂಡನಿಗೂ ಹೇಳಿಲ್ಲ. ಬಡಿಸುವಾಗ ಮೊದಲಿನ ಹಾಗೆಯೇ “ಇನ್ನೊಂದು ಹಾಕ್ಲ್ಯಾ ಮಾವಾರ?” ಎನ್ನುತ್ತಾಳೆ. ನಾಲ್ಕು ಸಲ ಹೇಳಬೇಕೆಂದು ಬಾಯಿ ತೆರೆದೆ, ನಾಲ್ಕು ಸಲವೂ ‘ಸ್ವಲ್ಪ ಉಪ್ಪು’ ಎಂದೆ.

ಸೊಸೆಯ ಮುಂದೆ ನಿಂತು ತಪ್ಪಾಯಿತವ್ವಾ ಎನ್ನುವುದು ನಮ್ಮ ಕಡೆಯ ಮಾವಂದಿರಿಗೆ ಯಾರೂ ಕಲಿಸಿ ಕಳಿಸಿಲ್ಲ. ನನಗೆ ಬರುವುದು ಅರ್ಜಿ ಬರೆಯುವುದು ಒಂದೇ. ಅದಕ್ಕಾಗಿ ಇದನ್ನು ತಮ್ಮ ಹೆಸರಿಗೆ ಬರೆದು, ಶೆಡ್ಡಿನ ಬಾಗಿಲಿನ ಒಳಬದಿಗೆ ಅಂಟಿಸುತ್ತಿದ್ದೇನೆ. ತಮಗೆ ಓದಲು ಅನುಕೂಲವಾಗುವಂತೆ ನೆಲದ ಹತ್ತಿರ ಅಂಟಿಸಬೇಕಿತ್ತು. ಆದರೆ ಮುಂಜಾನೆ ಟ್ರ್ಯಾಕ್ಟರ್ ತೆಗೆಯಲು ಬರುವವರ ಕಣ್ಣಿನ ಎತ್ತರಕ್ಕೆ ಅಂಟಿಸಿದ್ದೇನೆ. ತಾವು ತಪ್ಪು ತಿಳಿಯಬಾರದು.

ಇತಿ, ತಮ್ಮ ಮೇಲೆ ಎಳ್ಳಷ್ಟೂ ವಿಶ್ವಾಸವಿಲ್ಲದಿದ್ದರೂ ಬರವಣಿಗೆಯ ರೂಢಿಯಂತೆ,

ತಮ್ಮ ವಿಶ್ವಾಸಿ,
ಮುರಗೆಪ್ಪ ಖೋತ
(ಮಾಜಿ ಕಾರಕೂನ, ಮಾಜಿ ಚಾಲಕ)

ತಾ. ಕ.: ಮನೆಯಲ್ಲಿ ಗೋಂದು ಸಿಗದ ಕಾರಣ ಈ ಪತ್ರವನ್ನು ಗೋಧಿ ಹಿಟ್ಟಿನ ಅಂಬಲಿಯಿಂದ ಅಂಟಿಸಿದ್ದೇನೆ. ಅದರ ವಾಸನೆ ತಮಗೆ ಈಗಾಗಲೇ ಹತ್ತಿರುತ್ತದೆ. ಅವಳು ಓದುವ ಮೊದಲೇ ತಾವು ಇದನ್ನು ತಿಂದು ಮುಗಿಸಿದರೆ, ಆರನೆಯ ಆರೋಪ ನಿಸ್ಸಂದೇಹವಾಗಿ ತಮ್ಮದೇ, ಮತ್ತು ಇದರಲ್ಲಿ ಇದ್ದದ್ದನ್ನೆಲ್ಲ ನಾನು ಅವಳ ಮುಂದೆ ನಿಂತು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಅಷ್ಟು ಧೈರ್ಯ ನನಗಿಲ್ಲ. ಜೀವಮಾನವಿಡೀ ತಾವು ನನ್ನದನ್ನು ತಿಂದಿದ್ದೀರಿ, ನಾಳೆ ಒಂದು ಮುಂಜಾನೆ ಮಾತ್ರ ದಯವಿಟ್ಟು ಉಪವಾಸ ಇರಿ.